ಪುಟ್ಟ ರೈಲಿಗೂ ಒಂದು ರಿಜಿಸ್ಟರ್ ಬೇಕು

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದದ್ದು ಮೀಟರ್ ಗೇಜ್ ರೈಲು. 1923ರಲ್ಲಿ ಇದ್ದಿಲ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನ ಸೌದೆ ತಂದದ್ದು ಟ್ರಾಮ್ ಹಳಿಗಳು. ತರೀಕೆರೆ–ನರಸಿಂಹರಾಜಪುರದ ನಡುವೆ ಎರಡಡಿ ಅಗಲದ ಹಳಿಯ ಮೇಲೆ ಗಾಡಿ ಓಡುತ್ತಿತ್ತು. ತಾಳಗುಪ್ಪಕ್ಕೆ ಹೋಗುತ್ತಿದ್ದ ರೈಲ್ ಬಸ್ಸನ್ನು ಮಲೆನಾಡಿನವರು ಮರೆತಿಲ್ಲ. 2011ರಲ್ಲಿ ಆ ಮಾರ್ಗವೂ ಬ್ರಾಡ್ ಗೇಜ್ ಆಯಿತು. ಹೀಗೆ ಕಣ್ಮರೆಯಾದದ್ದನ್ನು ಮೇಜಿನ ಮೇಲೆ ಮರಳಿ ಓಡಿಸುವ ಮಾದರಿ ರೈಲಿನ ಹವ್ಯಾಸಿ ತನ್ನ ಪ್ರತಿ ಎಂಜಿನ್ನಿಗೂ ಬೋಗಿಗೂ ಕ್ರಮವಾದ ದಾಖಲೆ ಇಡಲೇಬೇಕು ಎಂಬುದು ನನ್ನ ವಾದ.

ಯಾಕೆಂದರೆ ಎಲ್ಲ ಮಾದರಿಯಲ್ಲೂ ಎಲ್ಲೋ ಒಂದು ಕಡೆ ರಾಜಿ ಇದ್ದೇ ಇರುತ್ತದೆ. ಜನಪ್ರಿಯವಾದ ಎಚ್‌ಒ ಅಳತೆಯಲ್ಲಿ 87 ಮಿಲಿಮೀಟರ್ ಒಂದಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ ಮೀಟರ್ ಗೇಜ್ ಹಳಿಯ ಅಗಲ ಹನ್ನೊಂದೂವರೆ ಮಿ.ಮೀ.; ಅಂಗಡಿಯ ಹಳಿ 12, ಹೆಚ್ಚೇನೂ ವ್ಯತ್ಯಾಸವಿಲ್ಲ. ಆದರೆ 1,676 ಮಿ.ಮೀ.ನ ನಮ್ಮ ಬ್ರಾಡ್ ಗೇಜ್ 19 ಮಿ.ಮೀ.ಗೂ ತುಸು ಹೆಚ್ಚಿರಬೇಕು. ಸುಲಭವಾಗಿ ಸಿಗುವುದು ಹೊರದೇಶದ ಸ್ಟ್ಯಾಂಡರ್ಡ್ ಗೇಜಿಗೆಂದು ಮಾಡಿದ 16.5ರ ಹಳಿ. ಅದರ ಮೇಲೆ ನಿಂತ ನಮ್ಮ ಬೋಗಿಯ ಚಕ್ರಗಳು ನಿಜಕ್ಕಿಂತ ಒಳಸರಿದಿರುತ್ತವೆ. ತಪ್ಪೇನಲ್ಲ, ಆದರೆ ಬರೆದಿಡದಿದ್ದರೆ ಮುಂದೆ ನೋಡುವವರು ಅದನ್ನೇ ನಿಜವೆಂದುಕೊಳ್ಳುತ್ತಾರೆ. ಯಾವ ಫೋಟೊ, ಯಾವ ನಕ್ಷೆ ನೋಡಿ ಮಾಡಿದ್ದು, ಯಾವ ವರ್ಷದ ಬಣ್ಣ, ಯಾವುದು ಅಳೆದದ್ದು, ಯಾವುದು ಯಾರೋ ನೆನಪಿನಿಂದ ಹೇಳಿದ್ದು ಎಂಬುದು ಬೇರೆಬೇರೆಯಾಗಿ ದಾಖಲಾಗಬೇಕು. ಕೊನೆಯದಂತೂ ಬಹಳ ಮುಖ್ಯ.

ಹವ್ಯಾಸ ಇರುವುದು ಸಂತೋಷಕ್ಕೆ, ಅದರಲ್ಲೂ ಗುಮಾಸ್ತಗಿರಿಯೇ ಎಂದು ಕೇಳುವವರಿದ್ದಾರೆ. ಒಂದು ಎಂಜಿನ್ನಿಗೆ ಅರ್ಧ ಪುಟ ಸಾಕು. ಎಣ್ಣೆ ಬಿಟ್ಟ ದಿನ, ಬದಲಿಸಿದ ಗೇರು, ಮೋಟಾರಿನ ವಿವರ ಅದರಲ್ಲಿದ್ದರೆ ರಿಪೇರಿಯ ತಡಕಾಟ ತಪ್ಪಿ ರೈಲು ಓಡಿಸುವ ಹೊತ್ತು ಹೆಚ್ಚುತ್ತದೆ. ಮೊಬೈಲಿನ ಫೋಟೊ ಸಾಲದೇ ಎಂದರೆ, ಅದು ರೂಪ ತೋರಿಸೀತು, ಆಧಾರ ಹೇಳದು. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆಯಲ್ಲ ಎಂಬ ಮಾತೂ ಬರುತ್ತದೆ. ಅಲ್ಲಿ ದೊಡ್ಡ ಎಂಜಿನ್ನುಗಳಿಗೆ ಜಾಗವಿದೆ. ಭದ್ರಾವತಿ ಕಾಡಿನ ಟ್ರಾಮ್ ಹಳಿ ಎಲ್ಲಿ ತಿರುಗುತ್ತಿತ್ತು, ಸೌದೆಯ ಟ್ರಾಲಿಗೆ ಬ್ರೇಕು ಹೇಗಿತ್ತು ಎಂಬಂಥ ಊರಿನ ವಿವರಗಳನ್ನು ಊರಿನವರೇ ಕೂಡಿಸಬೇಕು. ರೈಲ್ವೆಯಲ್ಲಿ, ಕಾರ್ಖಾನೆಯಲ್ಲಿ ದುಡಿದ ಹಿರಿಯರು ಭದ್ರಾವತಿಯ ಹಳೇನಗರದಲ್ಲೂ ನ್ಯೂಟೌನಿನಲ್ಲೂ ಇದ್ದಾರೆ. ಮುಂದಿನ ಬೋಗಿಗೆ ಬಣ್ಣ ಹಚ್ಚುವ ಮೊದಲು ಅವರ ಬಳಿ ಹೋಗಿ, ಕೇಳಿದ್ದನ್ನು ತಾರೀಖು ಸಮೇತ ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ.