ಮಗುವಿನ ರಕ್ತದಲ್ಲಿ ಸೀಸ: ಕೇಳಿ ಪರೀಕ್ಷೆ ಮಾಡಿಸಿ

ಮಗು ಆಡುತ್ತಿದೆ, ಉಣ್ಣುತ್ತಿದೆ, ಜ್ವರವಿಲ್ಲ. ಹೀಗಿರುವಾಗ ರಕ್ತ ಪರೀಕ್ಷೆ ಯಾಕೆ ಎಂದು ನೀವು ಕೇಳಬಹುದು. ಸೀಸದ ಅಪಾಯವಿರುವುದೇ ಇಲ್ಲಿ. ಅದು ಮೈಗೆ ಸೇರಿದರೂ ಹೆಚ್ಚಿನ ಮಕ್ಕಳಲ್ಲಿ ಯಾವ ಗುರುತೂ ಕಾಣುವುದಿಲ್ಲ. ಹೊಟ್ಟೆನೋವು, ಮಲಬದ್ಧತೆ, ಸಿಡುಕು ಕಂಡರೆ ಜಂತುಹುಳವೆಂದು ಸುಮ್ಮನಾಗುತ್ತೇವೆ. ಮುಂದೆ ಶಾಲೆಯಲ್ಲಿ ಪಾಠ ತಲೆಗೆ ಹತ್ತದಿದ್ದರೆ ಮಗುವನ್ನೇ ದಡ್ಡ ಎನ್ನುತ್ತೇವೆ. ಸೀಸವು ಬೆಳೆಯುವ ಮೆದುಳಿಗೆ ಮಾಡಿದ ಹಾನಿ ಮತ್ತೆ ಸರಿಹೋಗುವುದು ಕಷ್ಟ.

ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಮ್ಮ ದೇಶದಲ್ಲಿ ನಿಂತಿತು. ಆದರೂ ವಿಷ ಹೋಗಲಿಲ್ಲ. ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು 2020ರ ಯುನಿಸೆಫ್ ವರದಿ ಅಂದಾಜಿಸಿದೆ. 5 ಮುಟ್ಟಿದರೆ ಸೀಸ ಎಲ್ಲಿಂದ ಬಂತೆಂದು ಹುಡುಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟ ಮಾತ್ರ ಯಾವುದೂ ಇಲ್ಲ.

ನಿಮ್ಮ ಓಣಿಯಲ್ಲಿ ಹಳೆ ಬ್ಯಾಟರಿ ಒಡೆಯುವ ಅಥವಾ ಸೀಸ ಕರಗಿಸುವ ಗುಜರಿ ಇದೆಯೇ? ಮನೆಯ ಗಂಡಸರು ಬ್ಯಾಟರಿ ಅಥವಾ ಪೇಂಟಿಂಗ್ ಕೆಲಸ ಮಾಡುತ್ತಾರೆಯೇ? ಹಳೆಯ ಗೋಡೆ, ಕಿಟಕಿಗಳ ಬಣ್ಣ ಉದುರುತ್ತಿದೆಯೇ? ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ? ಅಂಗಡಿಯ ಸುರ್ಮಾಗಳಲ್ಲಿ ಅನೇಕವು ಸೀಸದ ಕಲ್ಲಿನ ಪುಡಿಯೇ ಆಗಿರುತ್ತವೆ. ಕಣ್ಣುಜ್ಜಿದ ಕೈಯನ್ನೇ ಮಗು ಬಾಯಿಗೆ ಹಾಕುತ್ತದೆ. ಬಿಡಿಯಾಗಿ ಮಾರುವ ಅರಶಿನ ಪುಡಿಗೂ ಹೊಳಪಿಗೆಂದು ಸೀಸದ ಹಳದಿ ಬಣ್ಣ ಬೆರೆಸುವುದುಂಟು.

ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಮಕ್ಕಳ ವೈದ್ಯರೊಡನೆ ಮಾತನಾಡಿ. ಲಸಿಕೆಯಂತೆ ಇದನ್ನು ಎಲ್ಲ ಮಕ್ಕಳಿಗೂ ತಾವಾಗಿಯೇ ಮಾಡುವ ಏರ್ಪಾಡು ನಮ್ಮಲ್ಲಿಲ್ಲ. ನೀವೇ ಬಾಯಿಬಿಟ್ಟು ಕೇಳಬೇಕು. ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಒಂದು, ಎರಡು ವರ್ಷದ ವಯಸ್ಸೇ ಪರೀಕ್ಷೆಗೆ ಸರಿಯಾದ ಕಾಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸೀಸ ಹೆಚ್ಚು ಕಂಡರೆ ಗಾಬರಿ ಬೇಡ. ಕೈಯ ಧೂಳೂ ಅದರಲ್ಲಿ ಸೇರಿರಬಹುದು. ರಕ್ತನಾಳದಿಂದ ರಕ್ತ ತೆಗೆಸಿ ಖಚಿತಪಡಿಸಿಕೊಳ್ಳಿ.

ಸೀಸ ಇದೆಯೆಂದಾದರೆ ಅದು ಬರುವ ದಾರಿಯನ್ನು ಮುಚ್ಚುವುದೇ ಮೊದಲ ಚಿಕಿತ್ಸೆ. ಸೀಸವನ್ನು ಹೊರಹಾಕುವ ಔಷಧಿ ಬೇಕಾಗುವುದು ಮಟ್ಟ ತುಂಬ ಏರಿದಾಗ ಮಾತ್ರ. ಕೆಲಸದಿಂದ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯೇ ಒಗೆಯಿರಿ. ಒಣ ಪೊರಕೆಯಲ್ಲಿ ಧೂಳೆಬ್ಬಿಸದೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಸಿದ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿದ್ದರೂ ಹಾಗೆಯೇ. ಆದ್ದರಿಂದ ಹೊತ್ತಿಗೆ ಸರಿಯಾಗಿ ರಾಗಿ, ಸೊಪ್ಪು, ಮೊಟ್ಟೆ, ಹಾಲು ಕೊಡಿ.

ಒಂದು ಮಗುವಿನಲ್ಲಿ ಸೀಸ ಕಂಡರೆ ಅದರ ಒಡಹುಟ್ಟಿದವರ ರಕ್ತವನ್ನೂ ನೋಡಿಸಿ. ಗರ್ಭಿಣಿಯಿದ್ದರೆ ಆಕೆಯದನ್ನೂ ಬಿಡಬೇಡಿ, ತಾಯಿಯ ಮೂಳೆಯಲ್ಲಿ ಕೂತ ಸೀಸ ಹೊಟ್ಟೆಯ ಕೂಸಿಗೂ ಇಳಿಯುತ್ತದೆ. ಪಕ್ಕದ ಮನೆಯವರಿಗೂ ತಿಳಿಸಿ. ಅವರ ಮಗು ಆಡುವುದೂ ಅದೇ ಮಣ್ಣಿನಲ್ಲಲ್ಲವೇ?