ಹತ್ತು ನಿಮಿಷದ ಮನೆ

ಮುಂಬೈಯಿಂದ ಹೊರಟ ಸಂಜೆ ಏಳೂವರೆಯ ಕಲ್ಯಾಣ ಫಾಸ್ಟ್ ಲೋಕಲ್. ಠಾಣೆ ದಾಟಿದರೂ ಡಬ್ಬಿಯಲ್ಲಿ ಎತ್ತಿದ ಕೈ ಇಳಿಸುವಷ್ಟು ಜಾಗವಿಲ್ಲ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಎದೆಗೆ ಅವಚಿಕೊಂಡ ಬ್ಯಾಗಿನ ಮೇಲೆ. ತಲೆ ತಿರುಗಿಸಲೂ ಆಗದಿದ್ದಾಗ ಕಣ್ಣು ಎದುರಿಗಿರುವ ಫಲಕಕ್ಕೇ ಹೋಗುತ್ತದೆ. ಫಲಕದಲ್ಲೊಂದು ಬಾಲ್ಕನಿ, ಚಹಾ ಕಪ್ಪು ಹಿಡಿದು ನಿಂತ ಗಂಡ ಹೆಂಡತಿ, ಹಿಂದೆ ಹಸಿರು ಗುಡ್ಡ. ಕೆಳಗೆ ದಪ್ಪ ಅಕ್ಷರದಲ್ಲಿ: ಸ್ಟೇಷನ್ನಿನಿಂದ ಹತ್ತೇ ನಿಮಿಷ. 28 ವರ್ಷ ಈ ಹಳಿಯ ಮೇಲೆ ಓಡಾಡಿದವನು ನಾನು. ಫಲಕದ ಬಣ್ಣ ಬದಲಾಗಿದೆ, ಬಿಲ್ಡರುಗಳ ಹೆಸರು ಬದಲಾಗಿದೆ, ಮನೆಯ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿದೆ. ಆ ಹತ್ತು ನಿಮಿಷ ಮಾತ್ರ ಹಾಗೇ ಇದೆ.

ಆ ಸಾಲು ಬರೆದವರಿಗೆ ನಿಂತವನ ಕಾಲುನೋವು ಚೆನ್ನಾಗಿ ಗೊತ್ತು. ಡೊಂಬಿವಲಿ, ಕಲ್ಯಾಣದವರಿಗೆ ಎಲ್ಲಕ್ಕಿಂತ ದೊಡ್ಡ ಬಡತನ ಹೊತ್ತಿನದು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಹಳಿಗೆ ಕೊಟ್ಟು ಉಳಿದದ್ದರಲ್ಲಿ ಸಂಸಾರ ಮಾಡುವವರು ನಾವು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ, ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದು ಹೊರಟವರು ಹಳಿಗೆ ಬಿದ್ದು ಪ್ರಾಣ ಬಿಟ್ಟದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಇಂಥವರ ಕಣ್ಣೆದುರು ‘ಹತ್ತೇ ನಿಮಿಷ’ ಎಂದು ಬರೆದಿಡುವುದು ಹಸಿದವನ ಮೂಗಿನ ಕೆಳಗೆ ಬಿಸಿ ಅನ್ನದ ತಟ್ಟೆ ಹಿಡಿದಂತೆ. ಹೊಸ ಆಸೆ ಹುಟ್ಟಿಸುವ ಶ್ರಮವೇ ಬೇಕಿಲ್ಲ. ನೋವಿರುವ ಜಾಗ ಹುಡುಕಿ ಬೆರಳಿಟ್ಟರೆ ಸಾಕು.

ಈ ವಿದ್ಯೆಗೆ ನೂರು ವರ್ಷದ ಇತಿಹಾಸವಿದೆ. ಅಮೆರಿಕದ ಮನೋವಿಜ್ಞಾನಿ ಜಾನ್ ಬಿ. ವಾಟ್ಸನ್ 1920ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಬಿಟ್ಟು, ನ್ಯೂಯಾರ್ಕಿನ ಜೆ. ವಾಲ್ಟರ್ ಥಾಮ್ಸನ್ ಎಂಬ ಜಾಹೀರಾತು ಸಂಸ್ಥೆ ಸೇರಿದರು. ಮನುಷ್ಯ ಹುಟ್ಟುತ್ತಲೇ ತರುವ ಭಾವಗಳು ಮೂರು, ಭಯ, ಸಿಟ್ಟು ಮತ್ತು ಪ್ರೀತಿ ಎಂಬುದು ಅವರ ಸಿದ್ಧಾಂತ. ನಮ್ಮ ಲೋಕಲ್ ಡಬ್ಬಿಗೆ ಅದನ್ನು ಹೊಂದಿಸಿ ನೋಡಿ. 11 ತಿಂಗಳ ಬಾಡಿಗೆ ಕರಾರು ಮುಗಿದರೆ ಮುಂದೇನು ಎಂಬ ಭಯ ಇಲ್ಲಿದೆ. ನೂಕುನುಗ್ಗಲಿನ ಸಿಟ್ಟು ಇದೆ. ನಿದ್ದೆಹೋದ ಮೇಲಷ್ಟೇ ಮುಖ ನೋಡಲು ಸಿಗುವ ಮಗುವಿನ ಮೇಲಿನ ಪ್ರೀತಿ ಇದೆ. ಮನೆಯ ಜಾಹೀರಾತು ಮೂರನ್ನೂ ಒಂದೇ ಚಿತ್ರದಲ್ಲಿ ಮುಟ್ಟುತ್ತದೆ.

ಮುಟ್ಟಿ ಸುಮ್ಮನಾಗುವುದಿಲ್ಲ, ದಿನವೂ ಮುಟ್ಟುತ್ತದೆ. ಒಂದು ವಸ್ತುವನ್ನು ಮತ್ತೆ ಮತ್ತೆ ಕಾಣುತ್ತಿದ್ದರೆ, ಅದರ ಬಗ್ಗೆ ಏನೂ ತಿಳಿಯದೆಯೂ ಅದು ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಜಾಯನ್ಸ್ ಎಂಬ ವಿಜ್ಞಾನಿ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಂದರೂ ವರ್ಷಕ್ಕೆ 300 ಕೆಲಸದ ದಿನಗಳಲ್ಲಿ ಒಂದೇ ಹೆಸರನ್ನು 600 ಸಲ ನೋಡುತ್ತೇವೆ. ಕೊನೆಗೊಂದು ದಿನ ಮನೆ ಕೊಳ್ಳುವ ಮಾತು ಬಂದಾಗ ಆ ಹೆಸರು ಪರಿಚಯದವರ ಹೆಸರಿನಂತೆ ನಾಲಿಗೆಗೆ ಬರುತ್ತದೆ. ನಂಬಿಕೆ ಎಂದು ನಾವು ತಿಳಿದದ್ದು ಬರೀ ಬಳಕೆ.

ಈ ಸಲ ಗುಡಿ ಪಾಡ್ವಾಕ್ಕೆ ಕೆಲವು ದಿನವಿದ್ದಾಗ ಅಕ್ಕನ ಮಗ ಬಂದ. ‘ಮಾಮ, ಭಾನುವಾರ ಒಂದು ಸೈಟ್ ನೋಡಿ ಬರುವ, ನೀವೂ ಬನ್ನಿ’ ಎಂದ. ಅವನೂ ಹೆಂಡತಿಯೂ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಲೆಕ್ಕ ಬಲ್ಲವರು. ಬಿಲ್ಡರನ ಹೆಸರು ಇಲ್ಲಿ ಬೇಡ. ಅಲ್ಲಿ ಕಂಡದ್ದು ಒಬ್ಬನ ದೋಷವಲ್ಲ, ಒಂದು ಇಡೀ ವ್ಯಾಪಾರದ ರೀತಿ.

ಸ್ಟೇಷನ್ನಿಗೇ ಕಾರು ಕಳಿಸಿದ್ದರು. ಹೋದೊಡನೆ ತಣ್ಣನೆಯ ಕೋಣೆ, ಕಾಫಿ, ಗೋಡಂಬಿ, ಅಳಿಯನ ಮಗುವಿಗೊಂದು ಬಣ್ಣದ ಪುಸ್ತಕ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದವರಿಗೆ ಕಾಫಿ ಕುಡಿದ ಮೇಲೆ ಖಡಾಖಂಡಿತವಾಗಿ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಮನೋವಿಜ್ಞಾನಿ ರಾಬರ್ಟ್ ಚಿಯಾಲ್ಡಿನಿ 1984ರ ತಮ್ಮ ‘ಇನ್‌ಫ್ಲುಯೆನ್ಸ್’ ಪುಸ್ತಕದಲ್ಲಿ ಮನ ಒಲಿಸುವ ಆರು ದಾರಿಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಈ ಉಪಕಾರದ ಋಣ.

ಆಮೇಲೆ ಬೆಲೆಯ ಹಾಳೆ ಬಂತು. ಮೇಲೆ 72 ಲಕ್ಷ ಎಂದು ಬರೆದು ಗೀಟು ಎಳೆದಿದ್ದರು, ಕೆಳಗೆ 59.99 ಲಕ್ಷ. 72 ಎಂಬುದು ಆ ಮನೆಯ ಬೆಲೆಯಾಗಿ ಎಂದೂ ಇದ್ದಿರಬೇಕೆಂದೇನಿಲ್ಲ. ಆದರೆ ಮೊದಲು ಕಣ್ಣಿಗೆ ಬಿದ್ದ ಅಂಕಿ ಮನಸ್ಸಿನಲ್ಲಿ ಗೂಟ ಹೊಡೆದುಕೊಂಡು ಕೂರುತ್ತದೆ. ಆಮೇಲಿನ ಎಲ್ಲ ಲೆಕ್ಕವೂ ಆ ಗೂಟಕ್ಕೆ ಕಟ್ಟಿದ ಹಗ್ಗದ ಉದ್ದದಲ್ಲೇ ಸುತ್ತುತ್ತದೆ. ಇದನ್ನು ಮನೋವಿಜ್ಞಾನಿಗಳಾದ ಆಮೋಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲೇ ಬರೆದಿಟ್ಟರು. ಸಿಗುವ ಲಾಭದ ಸಂತೋಷಕ್ಕಿಂತ ಕೈತಪ್ಪುವ ನಷ್ಟದ ಸಂಕಟ ಹೆಚ್ಚು ತೂಕದ್ದು ಎಂದು 1979ರಲ್ಲಿ ತೋರಿಸಿಕೊಟ್ಟವರೂ ಅವರೇ. ಹಾಗಾಗಿಯೇ ಹಾಳೆ ಕೊಟ್ಟವರು ಮನೆ ಚೆನ್ನಾಗಿದೆ ಎಂದು ಹೆಚ್ಚು ಹೇಳಲಿಲ್ಲ. ‘ಈ ದರ ಪಾಡ್ವಾದವರೆಗೆ ಮಾತ್ರ, ಈ ಟವರಿನಲ್ಲಿ ಮೂರೇ ಫ್ಲ್ಯಾಟ್ ಉಳಿದಿವೆ’ ಎಂದರು. ವರ್ಷದ ಮೊದಲ ದಿನವನ್ನು ಶುಭವೆಂದು ನಂಬುವವರ ಮುಂದೆ ಅದೇ ದಿನವನ್ನು ಗಡುವಾಗಿ ನಿಲ್ಲಿಸಿದ್ದರು.

ಸ್ಯಾಂಪಲ್ ಫ್ಲ್ಯಾಟಿನಲ್ಲಿ ನನ್ನ ಜೇಬಿನ ಟೇಪು ತೆಗೆದೆ. ಮಂಚದ ಉದ್ದ ಐದೂಕಾಲು ಅಡಿ. ಕೋಣೆಗಳಿಗೆ ಬಾಗಿಲೇ ಇರಲಿಲ್ಲ, ಬರೀ ಚೌಕಟ್ಟು. ಬಾಗಿಲು ತೆರೆಯಲು ಬೇಕಾದ ಜಾಗ ಲೆಕ್ಕಕ್ಕೇ ಬಾರದಂತೆ. ಒಂದು ಗೋಡೆಯ ತುಂಬ ಕನ್ನಡಿ. ಬಟ್ಟೆ ಒಣಹಾಕುವ, ಗ್ಯಾಸ್ ಸಿಲಿಂಡರ್ ಇಡುವ ಜಾಗ ಎಲ್ಲೂ ಕಾಣಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಹಾಸಿಗೆಯನ್ನೇ ಕತ್ತರಿಸಿ ಕೋಣೆಯನ್ನು ದೊಡ್ಡದಾಗಿ ತೋರಿಸಿದ್ದರು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಕೊನೆಯ ಮಾತು. ನಮ್ಮ ಮಾತು ಕೇಳಿಸಿಕೊಂಡ ಸೇಲ್ಸಿನ ಹುಡುಗಿ ತಟ್ಟನೆ ಕನ್ನಡಕ್ಕೆ ತಿರುಗಿದಳು. ‘ಸರ್, ನೀವು ಉಡುಪಿ ಕಡೆಯವರಾ? ನಮ್ಮದೂ ಕಾರ್ಕಳ. ನಮ್ಮೂರಿನವರೇ ತುಂಬಾ ಜನ ಇಲ್ಲಿ ಬುಕ್ ಮಾಡಿದ್ದಾರೆ.’ ಅಳಿಯನ ಮುಖದ ಬಿಗುವು ಅದೇ ಕ್ಷಣ ಸಡಿಲಿತು. ಅವನ ಹೆಂಡತಿ ಪರ್ಸಿನಿಂದ ಚೆಕ್‌ಬುಕ್ ತೆಗೆದಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳ ಟಾರ್ಗೆಟ್ ಮುಗಿಸದಿದ್ದರೆ ಅವಳ ಮನೆಯಲ್ಲೂ ಒಲೆ ಉರಿಯದು. ಆದರೆ ಆ ಒಂದು ವಾಕ್ಯದ ಹಿಂದೆ ಎಷ್ಟು ದೊಡ್ಡ ಆಸ್ತಿ ಇದೆ ಎಂಬುದು ನನ್ನ ತಲೆಮಾರಿನವರಿಗೆ ಗೊತ್ತು. ಫೋರ್ಟಿನ ಹೋಟೆಲುಗಳ ಹಿಂಬದಿಯ ಕೋಣೆಗಳಿಂದ, ಮಾಟುಂಗಾ, ಪರೇಲ್‌ಗಳ ಚಾಳುಗಳಿಂದ ನಮ್ಮ ಹಿರಿಯರು ಡೊಂಬಿವಲಿಗೆ, ಕಲ್ಯಾಣಕ್ಕೆ ಬಂದದ್ದು ಯಾವ ಫಲಕ ನೋಡಿಯೂ ಅಲ್ಲ. ‘ಅಲ್ಲಿ ನಮ್ಮವರಿದ್ದಾರೆ, ಬಾವಿಯಲ್ಲಿ ನೀರಿದೆ, ಮಕ್ಕಳಿಗೆ ಶಾಲೆಯಿದೆ’ ಎಂದು ಮೊದಲು ಬಂದವನು ಆಮೇಲೆ ಬರುವವನಿಗೆ ಹೇಳಿದ. ಡೊಂಬಿವಲಿಯ ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ ಕಟ್ಟಿದ್ದು ಅಂಥ ಮಾತಿನ ಮೇಲೆ ನಿಂತ ಜನ. ಹೇಳಿದವನಿಗೆ ಕಮಿಷನ್ ಇರಲಿಲ್ಲ. ಅವನು ಅದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಇರುತ್ತಿದ್ದ. ನೀರು ಬಾರದಿದ್ದರೆ ಅವನ ಕೊಡವೂ ಖಾಲಿ. ಇಂದು ಆ ಮಾತನ್ನೇ ಬಾಡಿಗೆಗೆ ತೆಗೆದುಕೊಂಡಿದ್ದಾರೆ.

ಊರುಗಳ ಹೆಸರಿಗೂ ಇದೇ ಗತಿ. ಭಿವಂಡಿ ಕಡೆಯ ಮಾಣಕೋಲಿ ಜಾಹೀರಾತಿನಲ್ಲಿ ‘ಅಪ್ಪರ್ ಠಾಣೆ’ ಆಗಿದೆ. ಠಾಣೆ, ಭಿವಂಡಿ, ಕಲ್ಯಾಣ ಮೆಟ್ರೋದ ಶಿಲಾನ್ಯಾಸ ಕಲ್ಯಾಣದಲ್ಲಿ 2018ರ ಡಿಸೆಂಬರ್ 18ರಂದು ಆಯಿತು. ಶಿಲೆ ಇಟ್ಟಾಗಿನಿಂದ ಫಲಕಗಳ ಮೇಲೆ ಮೆಟ್ರೋ ಓಡುತ್ತಲೇ ಇದೆ. ನವಿ ಮುಂಬೈ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2018ರ ಫೆಬ್ರವರಿಯಲ್ಲಿ, ಮೊದಲ ಪ್ರಯಾಣಿಕ ವಿಮಾನ ಹಾರಿದ್ದು 2025ರ ಡಿಸೆಂಬರ್ 25ರಂದು. ನಡುವಿನ ಏಳೆಂಟು ವರ್ಷ ಉಲ್ವೆ, ಪನ್ವೇಲ್ ಕಡೆಯ ಜಾಹೀರಾತುಗಳು ಹಾರದ ವಿಮಾನವನ್ನು ತೋರಿಸಿಯೇ ಮನೆ ಮಾರಿದವು. ಅಷ್ಟೂ ಕಾಲ ಇಎಂಐ ಕಟ್ಟಿದವರು ಬರಲಿರುವ ನಾಳೆಗೆ ಇಂದಿನ ಸಂಬಳ ಕೊಟ್ಟರು.

ಮಹಾನಗರಕ್ಕೆ ಮನೆ ಬೇಕು, ಕಟ್ಟುವವರು ಬೇಕು, ಕಟ್ಟಿದ್ದನ್ನು ಜನರಿಗೆ ತಿಳಿಸಲೂ ಬೇಕು. ಜಾಹೀರಾತೇ ಪಾಪ ಎಂದು ನಾನು ಹೇಳಲಾರೆ. ತಿಳಿಸುವುದಕ್ಕೂ ಯೋಚಿಸುವ ಹೊತ್ತನ್ನೇ ಕಸಿಯುವುದಕ್ಕೂ ಇರುವ ಗೆರೆಯನ್ನು ಕಾನೂನು ಎಳೆದಿದೆ, ಅದು ನಮಗೆ ಗೊತ್ತಿರಬೇಕು ಎಂಬುದಷ್ಟೇ ನನ್ನ ಮಾತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಕಲಂ ಸ್ಪಷ್ಟವಾಗಿದೆ: ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟವನಿಗೆ ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು; ಕೊಂಡವನು ಹಿಂದೆ ಸರಿಯಬಯಸಿದರೆ ಹಣವನ್ನೆಲ್ಲ ಬಡ್ಡಿ ಸಮೇತ ಹಿಂತಿರುಗಿಸಬೇಕು. 13ನೇ ಕಲಂ ಪ್ರಕಾರ ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 1ರಿಂದ ಇಂಥ ಪ್ರತಿ ಜಾಹೀರಾತಿನಲ್ಲೂ ರಾಜ್ಯದ ರೇರಾ ಪ್ರಾಧಿಕಾರವಾದ ಮಹಾರೇರಾದ ಕ್ಯೂಆರ್ ಕೋಡ್ ಇರಬೇಕು. ಅದೇ ವರ್ಷ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಪಟ್ಟಿಯ ತಲೆಯಲ್ಲೇ ಇರುವುದು ಸುಳ್ಳು ಅವಸರ, ಅಂದರೆ ಆ ‘ಮೂರೇ ಉಳಿದಿವೆ’.

ಆದರೆ ಮುದ್ರೆ ಕಂಡೊಡನೆ ಕೈಮುಗಿಯುವುದೂ ಅಪಾಯವೇ ಎಂದು ನಮ್ಮ ಊರೇ ಪಾಠ ಕಲಿಸಿದೆ. ಕಲ್ಯಾಣ-ಡೊಂಬಿವಲಿ ಮಹಾನಗರ ಪಾಲಿಕೆಯ ಅನುಮತಿ ಪತ್ರಗಳನ್ನು ನಕಲಿ ಮಾಡಿ, ಅವುಗಳ ಬಲದಿಂದ ಮಹಾರೇರಾ ನೋಂದಣಿಯನ್ನೂ ಪಡೆದು ಎದ್ದ 65 ಕಟ್ಟಡಗಳ ಪ್ರಕರಣ ಇಲ್ಲಿ ಎಲ್ಲರಿಗೂ ಗೊತ್ತು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಅವನ್ನು ಕೆಡವಲು ಆದೇಶಿಸಿತು. ಅಲ್ಲಿ ಮನೆ ಕೊಂಡವರು ದುರಾಸೆಯ ಜನವಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು, ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿಯೇ ಕೊಂಡವರು. ಸರಕಾರದ ಸಂಖ್ಯೆಯೇ ಅಲ್ಲಿ ಎಲ್ಲಕ್ಕಿಂತ ದೊಡ್ಡ ಜಾಹೀರಾತಾಯಿತು. ಅಧಿಕಾರದ ಗುರುತಿಗೆ ಮನಸ್ಸು ಬಾಗುತ್ತದೆ ಎಂಬುದೂ ಚಿಯಾಲ್ಡಿನಿಯ ಆರರಲ್ಲಿ ಒಂದು.

ಹಾಗಾದರೆ ಒಬ್ಬಂಟಿ ಕೊಳ್ಳುಗ ಏನು ಮಾಡಬೇಕು? ಎದುರಿಗೆ ಮನೋವಿಜ್ಞಾನದ ನೂರು ವರ್ಷದ ಅಭ್ಯಾಸವಿದೆ, ಇವನ ಕೈಯಲ್ಲಿ ಒಂದು ಭಾನುವಾರ. ಎಚ್ಚರವಾಗಿರಿ ಎಂದು ಇವನೊಬ್ಬನಿಗೇ ಉಪದೇಶಿಸುವುದು ಅನ್ಯಾಯ. ಮನಸ್ಸು ಸೋಲುವುದು ಒಂಟಿಯಾಗಿದ್ದಾಗ, ದಣಿದಿದ್ದಾಗ, ಅವಸರದಲ್ಲಿದ್ದಾಗ. ಈ ಮೂರಕ್ಕೂ ಮದ್ದು ಜೊತೆಗಿರುವ ಜನ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬೈಗಳ ನಮ್ಮ ಕನ್ನಡ ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಕಾಗದ ಓದುವ ದಿನ ಇಡಲಿ. ಮನೆ ಕೊಳ್ಳಹೊರಟವರು ಕರಾರನ್ನು, ಪಾಲಿಕೆಯ ಅನುಮತಿ ಪತ್ರವನ್ನು ತಂದು ಮೇಜಿನ ಮೇಲಿಡಲಿ. ಕ್ಯೂಆರ್ ಕೋಡಿನ ಹಿಂದೆ ಇರುವ ದಾಖಲೆಯನ್ನು ಒಟ್ಟಿಗೆ ತೆರೆದು ಓದೋಣ. ಅನುಮತಿ ಪತ್ರ ನಿಜವೇ ಎಂದು ಪಾಲಿಕೆಯ ಕಚೇರಿಗೇ ಹೋಗಿ ಕೇಳೋಣ.

ಇನ್ನೊಂದು ಮಾತು ಸಂಘಗಳ ಪದಾಧಿಕಾರಿಗಳಿಗೆ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಬಿಲ್ಡರುಗಳ ಪೂರ್ಣ ಪುಟದ ಜಾಹೀರಾತು ಬರುತ್ತದೆ, ಆ ಹಣದಿಂದಲೇ ಹಲವು ಕಾರ್ಯಕ್ರಮ ನಡೆಯುತ್ತವೆ. ನಾನೂ ಅಂಥ ಸಂಚಿಕೆಗಳ ಕೆಲಸ ಮಾಡಿದವನು, ಆ ಕಷ್ಟ ಬಲ್ಲೆ. ಆದರೂ ಕ್ಯೂಆರ್ ಕೋಡ್ ಇಲ್ಲದ, ನಾವೇ ತೆರೆದು ಪರೀಕ್ಷಿಸದ ಜಾಹೀರಾತನ್ನು ಸಂಘದ ಹೆಸರಿನಡಿ ಅಚ್ಚು ಹಾಕುವುದು ಬೇಡ. ಸಂಚಿಕೆ ಹಿಡಿದವನು ಅದನ್ನು ಸಂಘದ ಮಾತೆಂದೇ ಓದುತ್ತಾನೆ. ಊರು ಬಿಟ್ಟು ಬಂದವರ ಬಳಿ ಬೇರೇನೂ ಇಲ್ಲದಾಗಲೂ ಪರಸ್ಪರ ನಂಬಿಕೆ ಇತ್ತು. ಅದನ್ನು ಪುಟಕ್ಕಿಷ್ಟು ಎಂದು ಮಾರಬಾರದು.

ಅಂದು ಚೆಕ್ ಬರೆಯುವ ಮೊದಲು ಅಳಿಯನಿಗೆ ಒಂದೇ ಮಾತು ಹೇಳಿದೆ: ‘ಒಂದು ರಾತ್ರಿ ಕಳೆಯಲಿ. ನಾಳೆ ಆಫೀಸಿನಿಂದ ಬರುವಾಗ ಇಳಿದು ಇಲ್ಲಿಗೆ ನಡೆದು ನೋಡು.’ ಮರುದಿನ ರಾತ್ರಿ ಒಂಬತ್ತಕ್ಕೆ ಫೋನು ಬಂತು. ಶೇರ್ ರಿಕ್ಷಾದ ಸಾಲು ಉದ್ದವಿತ್ತಂತೆ, ನಡೆದೇ ಹೊರಟನಂತೆ. ‘ಮಾಮ, 38 ನಿಮಿಷ’ ಎಂದ. ಪಾಡ್ವಾ ಕಳೆಯಿತು. ಆಮೇಲೂ ಅದೇ ಮನೆಗೆ, ಅದೇ ದರಕ್ಕೆ ಅವನಿಗೆ ಫೋನುಗಳು ಬರುತ್ತಲೇ ಇದ್ದವು.

ಬರುವ ಭಾನುವಾರ ಅವನು ಇನ್ನೊಂದು ಮನೆ ನೋಡಲು ಹೊರಟಿದ್ದಾನೆ. ಅನುಮತಿ ಪತ್ರದ ಪ್ರತಿಯನ್ನು ಮೊದಲೇ ತರಿಸಿಕೊಂಡಿದ್ದಾನೆ. ಜೇಬಿನಲ್ಲಿ ಅವನದೇ ಟೇಪು ಇರುತ್ತದೆ. ನಾನೂ ಜೊತೆಗೆ ಹೋಗುತ್ತೇನೆ.