ಭೋಗ್ಯದ ಮನೆ: ಹಣ ಎಣಿಸುವ ಮುನ್ನ ಪತ್ರ ಓದಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಹೊರಬಿದ್ದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳು ದಿನವೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಡುವುದೋ, ಹಾಸ್ಟೆಲ್ ಸೇರುವುದೋ, ಇಲ್ಲವೇ ತಾಯಿಯೋ ಅಜ್ಜಿಯೋ ಜೊತೆಗಿದ್ದು ಅಲ್ಲಿಯೇ ಒಂದು ಮನೆ ಮಾಡುವುದೋ? ಮನೆ ಮಾಡುವುದೆಂದು ತೀರ್ಮಾನವಾದರೆ, ತಿಂಗಳ ಬಾಡಿಗೆಯ ತಾಪತ್ರಯ ಬೇಡವೆಂದು ಭೋಗ್ಯದ ಮನೆ ಹುಡುಕುವವರುಂಟು. ಇದನ್ನೇ ಈಗ ‘ಲೀಸಿಗೆ ಹಾಕಿಸಿಕೊಳ್ಳುವುದು’ ಎನ್ನುತ್ತಾರೆ.

ವ್ಯವಹಾರ ನೋಡಲು ಸರಳ. ಒಂದು ಇಡುಗಂಟು ಕೊಟ್ಟು ಮನೆಯಲ್ಲಿ ಇರುವುದು, ಬಾಡಿಗೆ ಇಲ್ಲ. ಅವಧಿ ಮುಗಿದಾಗ ಮನೆ ಅವರಿಗೆ, ಹಣ ಇವರಿಗೆ. ತೆಂಗು, ಅಡಿಕೆ ಮಾರಿದ ಹಣವೋ, ಮಗಳ ಮದುವೆಗೆಂದು ಕೂಡಿಟ್ಟದ್ದೋ ಹೀಗೆ ಒಂದೇ ದಿನ ಇನ್ನೊಬ್ಬರ ಕೈ ಸೇರುತ್ತದೆ. ಮನೆ ಕೊಟ್ಟವರು ಉಪಕಾರ ಮಾಡಿದಂತೆ ತೋರುತ್ತದೆ. ನಿಜವಾಗಿ ಇಲ್ಲಿ ಸಾಲ ಕೊಟ್ಟವರು ಮನೆಗೆ ಬಂದವರು, ಸಾಲ ಪಡೆದವರು ಮನೆಯ ಮಾಲೀಕರು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಯಾವ ಯಾವ ಎಚ್ಚರಿಕೆ ಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಕಾನೂನು ಏನೆನ್ನುತ್ತದೆ?

1882ರ ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಿ ಭೋಗ್ಯವೆಂಬುದು ಅಡಮಾನದ ಒಂದು ಬಗೆ. ಅದೇ ಕಾನೂನಿನ 59ನೇ ಕಲಮಿನ ಪ್ರಕಾರ 100 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಹಣಕ್ಕೆ ಇಂಥ ಅಡಮಾನ ಮಾಡಿದರೆ ಪತ್ರ ನೋಂದಣಿಯಾಗಬೇಕು. ಮಾಲೀಕರ ಸಹಿಯ ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪತ್ರವನ್ನು ಬಾಡಿಗೆ ಕರಾರಿನ ರೂಪದಲ್ಲಿ ಬರೆದರೂ ಅವಧಿ 1 ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಇದರಿಂದ ತಪ್ಪಿಸಿಕೊಳ್ಳಲೆಂದೇ 11 ತಿಂಗಳ ಕರಾರು ಬರೆಯುವ ರೂಢಿ ಬೆಳೆದಿದೆ. ಮಗನ ಓದು ಮೂರು ವರ್ಷ, ಪತ್ರದ ಆಯುಸ್ಸು 11 ತಿಂಗಳು!

ನೋಟರಿ ಮುದ್ರೆ ಬಿದ್ದರೆ ಸಾಕು ಎಂಬ ನಂಬಿಕೆಯೂ ವ್ಯಾಪಕ. ನೋಟರಿ ಎಂದರೆ ನೋಂದಣಿಯಲ್ಲ. ಛಾಪಾ ಕಾಗದದ ಬೆಲೆ ಸಾಲದಿದ್ದರೆ ಇನ್ನೊಂದು ತೊಡಕು. ಕರ್ನಾಟಕ ಮುದ್ರಾಂಕ ಅಧಿನಿಯಮದ ಪ್ರಕಾರ ಕೊರತೆಯಾದ ಶುಲ್ಕದ ಜೊತೆಗೆ ಅದರ 10 ಪಟ್ಟು ದಂಡ ಕಟ್ಟುವವರೆಗೂ ಅಂಥ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಉಳಿಸಿದ ಹಣಕ್ಕಿಂತ ಕಟ್ಟುವ ಹಣವೇ ಹೆಚ್ಚಾದೀತು.

ಮರೆಯಬಾರದ ಒಂದು ಸಾಲು

ನೋಂದಾಯಿತ ಭೋಗ್ಯ ಪತ್ರದಲ್ಲೂ ಒಂದು ಸೂಕ್ಷ್ಮವಿದೆ. ಬರೀ ಭೋಗ್ಯವಾದರೆ ಹಣ ಕೊಟ್ಟವರಿಗೆ ಹಣ ಬರುವ ತನಕ ಮನೆಯಲ್ಲಿ ಇರುವ ಹಕ್ಕಿದೆಯೇ ಹೊರತು ಮನೆಯನ್ನು ಹರಾಜು ಹಾಕಿಸುವ ಹಕ್ಕಿಲ್ಲ. ಮಗಳ ಪದವಿ ಮುಗಿಯಿತು, ಮುಂದಿನ ಓದಿಗೆ ಆ ಹಣವೇ ಬೇಕು. ಮಾಲೀಕರು ‘ಹಣವಿಲ್ಲ, ಬೇಕಾದರೆ ಇನ್ನೆರಡು ವರ್ಷ ಇರಿ’ ಎಂದರೆ ಏನು ಮಾಡುವುದು? ಆದ್ದರಿಂದ ‘ಇಂಥ ದಿನಾಂಕದೊಳಗೆ ಹಣ ಮರಳಿಸಲು ಬದ್ಧನಾಗಿದ್ದೇನೆ’ ಎಂಬ ಮಾತು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಆಗ 68ನೇ ಕಲಮಿನಂತೆ ಹಣಕ್ಕಾಗಿ ದಾವೆ ಹೂಡಬಹುದು. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇರುವುದರಿಂದ ‘ಇವತ್ತು ನಾಳೆ’ ಎನ್ನುವ ಮಾತಿಗೆ ಕಾಯುತ್ತ ಕೂರಬಾರದು.

ಬ್ಯಾಂಕಿನ ಸಾಲ ಇದ್ದರೆ?

ದೊಡ್ಡ ಅಪಾಯ ಇಲ್ಲಿದೆ. ಮಾಲೀಕರು ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಬ್ಯಾಂಕಿನ ಹಕ್ಕೇ ಮುಂದು. 65ಎ ಕಲಮಿನ ಪ್ರಕಾರ, ಅಡವಿಟ್ಟ ಕಟ್ಟಡವನ್ನು ಮಾಲೀಕರು ಗುತ್ತಿಗೆಗೆ ಕೊಡುವಾಗ ಇಡುಗಂಟಾಗಲಿ ಮುಂಗಡ ಬಾಡಿಗೆಯಾಗಲಿ ಪಡೆಯುವಂತಿಲ್ಲ. ಅವಧಿಯೂ 3 ವರ್ಷ ದಾಟುವಂತಿಲ್ಲ. ಸಾಲ ತೀರದಿದ್ದಾಗ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ನೋಂದಣಿಯಾಗದ ಕರಾರನ್ನೇ ನಂಬಿದವರಿಗೆ ಇಂಥ ಮನೆಯಲ್ಲಿ ದೀರ್ಘಕಾಲ ಉಳಿಯುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಪರೀಕ್ಷೆ ಹತ್ತಿರ ಬಂದಾಗ ಬಾಗಿಲಿಗೆ ನೋಟಿಸು ಅಂಟಿದರೆ ಆ ಕುಟುಂಬದ ಗತಿಯೇನು?

ಈ ತೊಂದರೆ ನಮ್ಮಲ್ಲಿ ಮಾತ್ರ ಇರುವುದಲ್ಲ. ದಕ್ಷಿಣ ಕೊರಿಯಾದಲ್ಲೂ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಚೋನ್ಸೆ’ ಪದ್ಧತಿಯಿದೆ. ಅಲ್ಲಿ ಹಣ ಕಳೆದುಕೊಂಡವರ ನೆರವಿಗೆ 2023ರಲ್ಲಿ ವಿಶೇಷ ಕಾನೂನನ್ನೇ ತರಬೇಕಾಯಿತು.

ಮೊದಲೇ ನೋಡಬೇಕಾದ್ದು

* ಮನೆ ಇರುವ ತಾಲ್ಲೂಕಿನ ಉಪನೋಂದಣಿ ಕಚೇರಿಯಿಂದ, ಇಲ್ಲವೇ ‘ಕಾವೇರಿ’ ಜಾಲತಾಣದ ಮೂಲಕ ಋಣಭಾರ ಪತ್ರ, ಅಂದರೆ ಇ.ಸಿ. ಪಡೆಯಬೇಕು. ವ್ಯವಹಾರಗಳಿದ್ದರೆ ನಮೂನೆ 15ರಲ್ಲೂ ಇಲ್ಲದಿದ್ದರೆ ನಮೂನೆ 16ರಲ್ಲೂ ಅದು ಬರುತ್ತದೆ.

* ಇ.ಸಿ. ಒಂದೇ ಸಾಲದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಅದರಲ್ಲಿ ಕಾಣದೇ ಹೋಗಬಹುದು. ಮಾಲೀಕರ ಬಳಿ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ನೆರಳಚ್ಚು ಪ್ರತಿಯನ್ನಷ್ಟೇ ತೋರಿಸಿದರೆ ಮೂಲಪ್ರತಿ ಎಲ್ಲಿದೆ ಎಂದು ಕೇಳಬೇಕು.

* ನಗರಸಭೆ ಅಥವಾ ಪುರಸಭೆಯ ಖಾತೆ ಯಾರ ಹೆಸರಿನಲ್ಲಿದೆ? ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ ಬೇಕು. ಗೃಹ ಮಂಡಳಿಯ ಮನೆಯಾದರೆ ಶುದ್ಧ ಕ್ರಯಪತ್ರ ಆಗಿದೆಯೇ, ಗುತ್ತಿಗೆ ಸಹಿತ ಕ್ರಯದ ಕರಾರು ಮಾತ್ರ ಇದೆಯೇ ಎಂಬುದನ್ನು ನೋಡಬೇಕು.

* ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಬೇಕು. ಸಾಲ ಅಥವಾ ಠೇವಣಿಯಾಗಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಲೆಕ್ಕವನ್ನೂ ಹಾಕಬೇಕು. ಉದಾಹರಣೆಗೆ 4 ಲಕ್ಷ ರೂಪಾಯಿಗೆ ವರ್ಷಕ್ಕೆ ಶೇ. 7ರಂತೆ ಬಡ್ಡಿ ಹಿಡಿದರೆ 28,000 ರೂಪಾಯಿ, ತಿಂಗಳಿಗೆ ಸುಮಾರು 2,333 ರೂಪಾಯಿ ಆಗುತ್ತದೆ. ಅಂಥದೇ ಮನೆಯ ಬಾಡಿಗೆ ಇದಕ್ಕಿಂತ ತುಸುವೇ ಹೆಚ್ಚಿದ್ದರೆ ಇಡುಗಂಟನ್ನು ಅಪಾಯಕ್ಕೊಡ್ಡುವುದಕ್ಕಿಂತ ಬಾಡಿಗೆ ಕೊಡುವುದೇ ಲೇಸು.

ಪತ್ರ ತಯಾರಾದ ಮೇಲೆ ಸಹಿಗೆ ಮೊದಲು ಮನೆಯ ವಿದ್ಯಾರ್ಥಿಯೇ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಅರ್ಥವಾಗದ ಮಾತಿದ್ದರೆ ವಕೀಲರನ್ನು ಕೇಳಬೇಕು. ವಕೀಲರ ಶುಲ್ಕ ಭಾರವೆನಿಸಿದರೆ ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ವರಮಾನದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವಿಗೆ ಅರ್ಹರು. ಮಕ್ಕಳ ಓದಿಗೆಂದು ಊರು ಬಿಟ್ಟು ಬರುವ ತಾಯಂದಿರು ಕೇಳಲು ಸಂಕೋಚಪಡಬೇಕಿಲ್ಲ.